ಶಾಲು, ಹಾರ ಮತ್ತು ಸಕಾಲದ ಸಂಬಳ: ಹಳ್ಳಿಯ ಆಸ್ಪತ್ರೆಯಲ್ಲಿ ಮೆಚ್ಚುಗೆಯ ಪ್ರಶ್ನೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಂಥ ಹೋಬಳಿ ಕೇಂದ್ರದಲ್ಲಿ ಸರ್ಕಾರಿ ಆಸ್ಪತ್ರೆ ಎಂದೊಡನೆ ಜನರ ಮನಸ್ಸಿಗೆ ಬರುವುದು ವೈದ್ಯರ ಕೊಠಡಿಯೇ ಆದರೂ, ಆ ಕೊಠಡಿಯಲ್ಲಿ ಮೊದಲ ರೋಗಿ ಕುಳಿತುಕೊಳ್ಳುವ ಹೊತ್ತಿಗೆ ಅನೇಕರ ದುಡಿಮೆ ಆಗಲೇ ಮುಗಿದಿರುತ್ತದೆ. ಡಿ ಗ್ರೂಪ್ ನೌಕರರು ಹೆರಿಗೆ ಕೋಣೆಯನ್ನು ತೊಳೆದಿರುತ್ತಾರೆ. ಜನರು ‘ಸಿಸ್ಟರ್’ ಎಂದು ಕರೆಯುವ ಶುಶ್ರೂಷಾಧಿಕಾರಿ ರಾತ್ರಿ ಪಾಳಿಯ ವಿವರವನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಿರುತ್ತಾರೆ. ಫಾರ್ಮಸಿ ಅಧಿಕಾರಿ ಲಸಿಕೆಯ ಪೆಟ್ಟಿಗೆಯ ಉಷ್ಣಾಂಶವನ್ನು ಪುಸ್ತಕದಲ್ಲಿ ಬರೆದಿರುತ್ತಾರೆ. ಊರಿನ ಆಶಾ ಕಾರ್ಯಕರ್ತೆ ಗರ್ಭಿಣಿಯನ್ನು ತಪಾಸಣೆಗೆ ಹೊರಡಿಸಿಕೊಂಡು ಬಸ್ಸಿಗೆ ಕಾಯುತ್ತಿರುತ್ತಾರೆ. ಬಯಲು ಪ್ರದೇಶದಲ್ಲಿ ಮೂವತ್ತು ಸಾವಿರ ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಐದು ಸಾವಿರಕ್ಕೆ ಒಂದು ಉಪಕೇಂದ್ರ, ಸಾವಿರಕ್ಕೆ ಒಬ್ಬ ಆಶಾ ಎಂಬುದು ರಾಷ್ಟ್ರೀಯ ಮಾನದಂಡವಾಗಿರುವುದರಿಂದ, ಒಬ್ಬ ವೈದ್ಯರ ಹೆಸರಿನಲ್ಲಿ ನಡೆಯುವ ಚಿಕಿತ್ಸೆಯ ಹಿಂದೆ ಹತ್ತಾರು ಜನರ ಕೈಗಳಿರುತ್ತವೆ. ಈ ಕೈಗಳಿಗೆ ಸಮಾಜ ಮತ್ತು ಸರ್ಕಾರ ಸಲ್ಲಿಸುವ ಮೆಚ್ಚುಗೆ ಯಾವ ರೂಪದಲ್ಲಿದೆ, ಅದು ಅವರನ್ನು ನಿಜವಾಗಿ ತಲುಪುತ್ತಿದೆಯೇ ಎಂಬ ಪ್ರಶ್ನೆ ಕೇವಲ ಆಡಳಿತದ್ದಲ್ಲ. ಆ ಆಸ್ಪತ್ರೆಯಲ್ಲಿ ನಾಳೆ ಹೆರಿಗೆಗೆ ಹೋಗಬೇಕಾದ ಮನೆಯವರೆಲ್ಲರದ್ದೂ ಹೌದು.

ಆರೋಗ್ಯ ಸೇವೆಗೆ ಬೇರೆ ಉದ್ಯೋಗಗಳಿಗಿಲ್ಲದ ಒಂದು ತೊಡಕಿದೆ. ಒಳ್ಳೆಯ ಕೆಲಸದ ಫಲ ಇಲ್ಲಿ ಬಹಳ ಸಲ ಕಣ್ಣಿಗೆ ಕಾಣುವುದೇ ಇಲ್ಲ. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ತಯಾರಿಕಾ ಘಟಕದಿಂದ ಮಗುವಿನ ತೋಳಿನವರೆಗೆ ಈ ತಂಪು ಎಲ್ಲಿಯೂ ಕಡಿಯದಂತೆ ನೋಡಿಕೊಳ್ಳುವ ಏರ್ಪಾಟನ್ನು ಶೀತಲ ಸರಪಳಿ ಎನ್ನುತ್ತಾರೆ. ಅದಕ್ಕಾಗಿ ದಿನಕ್ಕೆ ಎರಡು ಬಾರಿ, ಭಾನುವಾರವೂ ಸೇರಿ, ಉಷ್ಣಾಂಶವನ್ನು ನೋಡಿ ಬರೆಯಬೇಕು. ವಿದ್ಯುತ್ ಹೋದ ರಾತ್ರಿ ಎದ್ದು ಬಂದು ಲಸಿಕೆಯನ್ನು ಶೀತಲ ಪೆಟ್ಟಿಗೆಗೆ ವರ್ಗಾಯಿಸಿದ ಸಿಬ್ಬಂದಿಯ ಕೆಲಸದಿಂದ ಮರುದಿನ ಯಾವ ಸುದ್ದಿಯೂ ಹುಟ್ಟುವುದಿಲ್ಲ, ಏಕೆಂದರೆ ಸುದ್ದಿ ಹುಟ್ಟದಿರುವುದೇ ಆ ಕೆಲಸದ ಯಶಸ್ಸು. ಹೆರಿಗೆ ಕೋಣೆಯನ್ನು ಸರಿಯಾಗಿ ತೊಳೆದವರಿಂದ ಬಾಣಂತಿಗೆ ತಗಲದೇ ಹೋದ ನಂಜು, ಸೂಜಿಗಳನ್ನು ಬಿಳಿ ಡಬ್ಬಿಗೂ ರಕ್ತ ತಗುಲಿದ ಹತ್ತಿಯನ್ನು ಹಳದಿ ಚೀಲಕ್ಕೂ ಬೇರ್ಪಡಿಸಿ ಹಾಕಿದವರಿಂದ ತಪ್ಪಿದ ಗಾಯ, ಇವು ಯಾವ ವರದಿಯಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ಮೆಚ್ಚುಗೆ ಸಲ್ಲಬೇಕಾದರೆ, ಸಲ್ಲಿಸುವವರು ಮೊದಲು ಆ ಕೆಲಸವನ್ನು ತಿಳಿದಿರಬೇಕಾಗುತ್ತದೆ. ತಿಳಿಯದೆ ಹೊಗಳಿದಾಗ ಹೊಗಳಿಕೆ ಎದ್ದು ಕಾಣುವವರಿಗೇ ಸಂದು, ಉಳಿದವರು ಮರೆಯಲ್ಲೇ ಉಳಿಯುತ್ತಾರೆ.

ಹಿಂದಿನವರಿಗೆ ಈ ತಿಳಿವಳಿಕೆ ಇರಲಿಲ್ಲ ಎನ್ನುವಂತಿಲ್ಲ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿರುವ ಚೋಳ ದೊರೆ ವೀರರಾಜೇಂದ್ರನ ಕಾಲದ, ಸುಮಾರು 1068ರ ಶಾಸನವು ದೇವಾಲಯಕ್ಕೆ ಸೇರಿದ ಹದಿನೈದು ಹಾಸಿಗೆಗಳ ಆಸ್ಪತ್ರೆಯೊಂದನ್ನು ವರ್ಣಿಸುತ್ತದೆ. ಅದರಲ್ಲಿ ವೈದ್ಯ ಮತ್ತು ಶಸ್ತ್ರವೈದ್ಯರಿಗೆ ಮಾತ್ರವಲ್ಲದೆ, ಗಿಡಮೂಲಿಕೆ ಸೌದೆಗಳನ್ನು ತರುವ ಆಳುಗಳಿಗೆ, ರೋಗಿಗಳ ಆರೈಕೆ ಮಾಡುವ ಹೆಂಗಸರಿಗೆ, ಕ್ಷೌರಿಕನಿಗೆ ಕೂಡ ಎಷ್ಟು ಭತ್ತ ಸಲ್ಲಬೇಕೆಂಬುದನ್ನು ಕಲ್ಲಿನಲ್ಲೇ ಕಡೆಯಲಾಗಿದೆ. ಪಾಲು ಸಮವಾಗಿರಲಿಲ್ಲ, ನಿಜ. ಆದರೆ ಆರೈಕೆಯ ಸರಪಳಿಯಲ್ಲಿ ಯಾರು ಯಾರು ಇದ್ದಾರೆಂಬುದನ್ನು ಬರೆಸಿದವರು ಮರೆಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಆಧುನಿಕ ಕಾಲದಲ್ಲಿ ದುಡಿಮೆಯ ತೃಪ್ತಿಯನ್ನು ಕುರಿತು ನಡೆದ ಚರ್ಚೆಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಆಧಾರ ಒದಗಿಸಿತು. ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು ಇನ್ನೂರು ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿದ ಅವರು, ಅತೃಪ್ತಿಯ ಕಾರಣಗಳೂ ತೃಪ್ತಿಯ ಕಾರಣಗಳೂ ಒಂದೇ ಅಲ್ಲವೆಂದು ವಾದಿಸಿದರು. ಸಂಬಳ, ಕೆಲಸದ ಭದ್ರತೆ, ಮೇಲಧಿಕಾರಿಯ ನಡವಳಿಕೆ, ಕುಳಿತುಕೊಳ್ಳಲು ಸರಿಯಾದ ಜಾಗ, ಇವು ಕೆಟ್ಟರೆ ಮನುಷ್ಯ ಕುದಿಯುತ್ತಾನೆ. ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಉಕ್ಕುವುದಿಲ್ಲ. ಉತ್ಸಾಹ ಬರುವುದು ಸಾಧಿಸಿದೆನೆಂಬ ಅರಿವಿನಿಂದ, ಅದನ್ನು ಇತರರು ಗುರುತಿಸುವುದರಿಂದ, ಹೊಣೆ ಮತ್ತು ಬೆಳವಣಿಗೆಯ ಅವಕಾಶದಿಂದ. ಈ ಸಿದ್ಧಾಂತವನ್ನು ನಂತರದವರು ಹಲವು ಕಡೆ ಪ್ರಶ್ನಿಸಿದ್ದರೂ, ಹಳ್ಳಿಯ ಆಸ್ಪತ್ರೆಗೆ ಅದರಲ್ಲಿ ಒಂದು ಮುಖ್ಯ ಎಚ್ಚರಿಕೆಯಿದೆ: ಮೊದಲ ಗುಂಪಿಗೆ ಸೇರಿದ ಸಂಗತಿಗಳ ಕೊರತೆಯನ್ನು ಎರಡನೆಯ ಗುಂಪಿನ ಸಂಗತಿಗಳಿಂದ ತುಂಬಲಾಗದು. ಮೂರು ತಿಂಗಳಿಂದ ವೇತನ ಬಾರದ ಹೊರಗುತ್ತಿಗೆ ನೌಕರರಿಗೆ ಹೊದಿಸುವ ಶಾಲು ಸನ್ಮಾನವಾಗಲಾರದು. ಅದು ಬಾಕಿಯನ್ನು ಇನ್ನಷ್ಟು ನೆನಪಿಸುತ್ತದೆ.

ಈ ಮಾತಿಗೆ ಆಶಾ ಕಾರ್ಯಕರ್ತೆಯರ ಇತಿಹಾಸಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ‘ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ’ ಎಂಬ ಸ್ಥಾನವನ್ನು ಸೃಷ್ಟಿಸಿದಾಗ, ಅವರನ್ನು ನೌಕರರೆಂದು ಕರೆಯದೆ ಸ್ವಯಂಸೇವಕಿಯರೆಂದು ಕರೆಯಿತು. ಸಂಬಳದ ಬದಲು ಪ್ರೋತ್ಸಾಹಧನವನ್ನು, ಎಂದರೆ ಪೂರೈಸಿದ ಒಂದೊಂದು ಕೆಲಸಕ್ಕೆ ನಿಗದಿಪಡಿಸಿದ ಮೊತ್ತವನ್ನು, ಕೊಡುವ ಪದ್ಧತಿಯನ್ನು ತಂದಿತು. ಜನನಿ ಸುರಕ್ಷಾ ಯೋಜನೆಯ ವ್ಯಾಪ್ತಿಗೆ ಬರುವ ಗ್ರಾಮೀಣ ತಾಯಿಯ ಆರೈಕೆ ಮತ್ತು ಆಸ್ಪತ್ರೆಯ ಹೆರಿಗೆಗೆ ಕೇಂದ್ರದ ಮಾರ್ಗಸೂಚಿ ನಿಗದಿಪಡಿಸಿದ ಮೊತ್ತ 600 ರೂಪಾಯಿ. ಹೆರಿಗೆಯ ನಂತರ 42 ದಿನಗಳೊಳಗೆ ಆರು ಬಾರಿ ಮನೆಗೆ ಹೋಗಿ ಮಗುವಿನ ತೂಕ, ಉಸಿರು, ಹೊಕ್ಕುಳು, ತಾಯಿಯ ಜ್ವರ ಇವನ್ನೆಲ್ಲ ನೋಡಿ ಬರೆದದ್ದಕ್ಕೆ 250 ರೂಪಾಯಿ. ಒಂದು ವರ್ಷದೊಳಗೆ ಮಗುವಿನ ಲಸಿಕೆಗಳೆಲ್ಲ ಪೂರ್ಣಗೊಂಡರೆ 100 ರೂಪಾಯಿ. ಮನೆಭೇಟಿಯ ಹಣಕ್ಕೆ ಮಾರ್ಗಸೂಚಿ ಇಟ್ಟ ಷರತ್ತುಗಳಲ್ಲಿ ಮಗುವಿನ ತೂಕದ ದಾಖಲೆ ಮತ್ತು ಜನನ ನೋಂದಣಿಯ ಜೊತೆಗೆ, 42ನೆಯ ದಿನದವರೆಗೆ ತಾಯಿ ಮಗು ಸುರಕ್ಷಿತವಾಗಿರಬೇಕೆಂಬುದೂ ಸೇರಿದೆ. ಆರು ಸಲ ನಡೆದು ಹೋದ ಹೆಣ್ಣುಮಗಳೊಬ್ಬಳ ಶ್ರಮವನ್ನು, ಅವಳ ಕೈ ಮೀರಿದ ಫಲಿತಾಂಶದ ಮೇಲೆ ತೂಗುವ ಈ ಕ್ರಮ ನ್ಯಾಯದ್ದೇ ಎಂಬುದನ್ನು ಓದುಗರೇ ಯೋಚಿಸಬೇಕು. ಹತ್ತಿರದಲ್ಲಿ ವಾಹನವಿಲ್ಲದ ಊರಿನಲ್ಲಿ, ಹುಟ್ಟುವಾಗಲೇ ತೂಕ ಕಡಿಮೆಯಿದ್ದ ಕೂಸನ್ನು ಉಳಿಸಿಕೊಳ್ಳಲಾಗದೆ ಹೋದ ಮನೆಗೆ ಹೋಗಿ ತಾಯಿಯ ಪಕ್ಕ ಕುಳಿತುಕೊಳ್ಳುವುದು ಎಲ್ಲಕ್ಕಿಂತ ಕಷ್ಟದ ಭೇಟಿ. ಅಂಥ ಭೇಟಿಗೆ ಪಟ್ಟಿಯಲ್ಲಿ ದರವಿಲ್ಲ.

ಕೊರೊನಾ ಕಾಲದಲ್ಲಿ ಮೆಚ್ಚುಗೆ ಮತ್ತು ವೇತನಗಳ ನಡುವಿನ ಅಂತರ ಎಲ್ಲರ ಕಣ್ಣೆದುರಿಗೆ ಬಂದಿತು. 2020ರ ಮಾರ್ಚ್ 22ರ ಸಂಜೆ ದೇಶದ ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಜಾಗಟೆ ಬಾರಿಸಿದರು. ಮೇ 3ರಂದು ಸೇನೆಯ ಹೆಲಿಕಾಪ್ಟರುಗಳು ಹಲವು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ಅವುಗಳ ಹಿಂದಿನ ಕೃತಜ್ಞತೆ ಸುಳ್ಳಲ್ಲ. ಮನೆಮನೆಗೆ ಹೋಗಿ ಜ್ವರ ಕೆಮ್ಮು ವಿಚಾರಿಸುತ್ತಿದ್ದ ಕಾರ್ಯಕರ್ತೆಯರಿಗೆ ಎಷ್ಟೋ ಊರುಗಳಲ್ಲಿ ಜನರೇ ಹೂಮಾಲೆ ಹಾಕಿದ್ದರು. ಆದರೆ ಅದೇ ವರ್ಷದ ಜುಲೈ 10ರಿಂದ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸಾಕಷ್ಟು ರಕ್ಷಣಾ ಸಾಮಗ್ರಿ ಬೇಕೆಂದು ಕೆಲಸ ನಿಲ್ಲಿಸಬೇಕಾಯಿತು. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯನ್ನು ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾ ಕಾರ್ಯಕರ್ತೆಯರಿಗೆ ಘೋಷಿಸಿದರು. ಜಗತ್ತಿನ ಅತ್ಯುನ್ನತ ವೇದಿಕೆಯೊಂದರಿಂದ ಬಂದ ಆ ಗೌರವದ ನಂತರವೂ, 2025ರ ಜನವರಿಯ ಚಳಿಯಲ್ಲಿ ರಾಜ್ಯದ ನಾನಾ ಕಡೆಗಳಿಂದ ಬಂದ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಸರ್ಕಾರದಿಂದ ದೊರೆತ ಮೇಲೆ ಧರಣಿ ಮುಗಿಯಿತು. ಅವರ ದೂರುಗಳಲ್ಲಿ ಮುಖ್ಯವಾದದ್ದು, ಮಾಡಿದ ಕೆಲಸ ಪೋರ್ಟಲ್‌ನಲ್ಲಿ, ಎಂದರೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ, ಸರಿಯಾಗಿ ಸೇರದೆ ಹೋದಾಗ ಆ ಕೆಲಸದ ಹಣವೇ ಕೈತಪ್ಪುತ್ತದೆ ಎಂಬುದಾಗಿತ್ತು. ಮಾಡಿದ ಕೆಲಸ ಮಾಡಿಲ್ಲವೆಂದಾಗುವುದಕ್ಕಿಂತ ದೊಡ್ಡ ಅವಗಣನೆ ದುಡಿಯುವವರಿಗೆ ಇನ್ನೊಂದಿಲ್ಲ.

ಹಣಕ್ಕೂ ಮೆಚ್ಚುಗೆಗೂ ಇರುವ ಸಂಬಂಧವನ್ನು ಪ್ರಯೋಗಗಳ ಮೂಲಕ ಅಳೆಯುವ ಪ್ರಯತ್ನಗಳೂ ನಡೆದಿವೆ, ಮತ್ತು ಅವುಗಳಲ್ಲಿ ಎರಡು ನಡೆದದ್ದು ಕರ್ನಾಟಕದಲ್ಲೇ. ಮೊದಲನೆಯದು ಮೆಚ್ಚುಗೆಯದ್ದಲ್ಲ, ನಿಗಾದ್ದು. ರಾಜ್ಯ ಸರ್ಕಾರ ಐದು ಜಿಲ್ಲೆಗಳ 140 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚಿನಿಂದ ಹಾಜರಾತಿ ದಾಖಲಿಸುವ ಯಂತ್ರಗಳನ್ನು ಅಳವಡಿಸಿತು. ಅರ್ಥಶಾಸ್ತ್ರಜ್ಞರಾದ ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಅದರ ಪರಿಣಾಮವನ್ನು ಅಧ್ಯಯನ ಮಾಡಿದರು. ಶುಶ್ರೂಷಕಿಯರು, ಫಾರ್ಮಸಿಯವರು, ಪ್ರಯೋಗಾಲಯದವರ ಹಾಜರಾತಿ ಹೆಚ್ಚಿತು, ಕಡಿಮೆ ತೂಕದ ಶಿಶುಗಳ ಜನನ ತಗ್ಗಿತು. ಆದರೆ ವೈದ್ಯರ ಹಾಜರಾತಿ ಬದಲಾಗಲಿಲ್ಲ, ಸಿಬ್ಬಂದಿಯಲ್ಲಿ ಕೆಲಸದ ಬಗೆಗಿನ ಅಸಮಾಧಾನ ಬೆಳೆಯಿತು, ನಿಯಮಗಳನ್ನು ಪೂರ್ಣವಾಗಿ ಜಾರಿಗೆ ತರಲು ಆಡಳಿತಕ್ಕೂ ಮನಸ್ಸಾಗಲಿಲ್ಲ. ಕೆಳಗಿನ ಹಂತದವರು ಬಿಗಿಗೆ ಒಳಪಟ್ಟು ಮೇಲಿನವರು ಒಳಪಡದಿದ್ದಾಗ ಉಳಿಯುವ ಕಹಿಯನ್ನು ಆಸ್ಪತ್ರೆಯಲ್ಲಿ ದುಡಿದವರೆಲ್ಲರೂ ಬಲ್ಲರು. ಎರಡನೆಯ ಪ್ರಯೋಗದಲ್ಲಿ ಮನೋಜ್ ಮೋಹನನ್ ಮತ್ತು ಸಂಗಡಿಗರು ರಾಜ್ಯದ ಗ್ರಾಮೀಣ ಭಾಗದಲ್ಲಿ ಹೆರಿಗೆ ಮಾಡಿಸುವ ಖಾಸಗಿ ವೈದ್ಯಕೀಯ ಸೇವಾದಾರರನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಚಿಕಿತ್ಸೆಯ ಕ್ರಮವನ್ನು ಸರಿಯಾಗಿ ಪಾಲಿಸಿದ್ದಕ್ಕೂ ಇನ್ನೊಂದು ಗುಂಪಿಗೆ ತಾಯಿ ಮಗುವಿನ ಆರೋಗ್ಯದ ಫಲಿತಾಂಶಕ್ಕೂ ಹಣದ ಬಹುಮಾನ ನೀಡುವ ಒಪ್ಪಂದ ಮಾಡಿಕೊಂಡರು. ತಾಯಂದಿರ ಸಾವಿಗೆ ಬಹುದೊಡ್ಡ ಕಾರಣವಾದ ಹೆರಿಗೆಯ ನಂತರದ ರಕ್ತಸ್ರಾವ ಎರಡೂ ಗುಂಪುಗಳಲ್ಲಿ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಹೆಚ್ಚಿನ ವಿದ್ಯಾರ್ಹತೆಯಿದ್ದವರು ಫಲಿತಾಂಶದ ಬಹುಮಾನವಿದ್ದಾಗ ಹೊಸ ದಾರಿಗಳನ್ನು ಹುಡುಕಿಕೊಂಡು ಮುಂದೆ ಹೋದರು. ಕ್ರಮಪಾಲನೆಗೆ ಬಹುಮಾನವಿದ್ದಾಗ ಹೆಚ್ಚು ಓದಿದವರೂ ಕಡಿಮೆ ಓದಿದವರೂ ಸಮನಾಗಿ ಸುಧಾರಿಸಿದರು. ಆರು ಮನೆಭೇಟಿಗಳನ್ನು ಮಾಡಿದ ಆಶಾ ಕಾರ್ಯಕರ್ತೆಗೆ ಭೇಟಿಗಾಗಿಯೇ ಹಣ ಸಲ್ಲಬೇಕೆಂಬ ವಾದಕ್ಕೆ ಇದಕ್ಕಿಂತ ಹತ್ತಿರದ ಆಧಾರ ಸಿಗಲಾರದು.

ಹಾಗೆಂದು ಹಣವೊಂದೇ ಮನುಷ್ಯರನ್ನು ನಡೆಸುತ್ತದೆ ಎನ್ನಲೂ ಬಾರದು. ಜಾಂಬಿಯಾ ದೇಶದ ಲುಸಾಕಾ ನಗರದಲ್ಲಿ ಏಡ್ಸ್ ತಡೆಗಾಗಿ ಕ್ಷೌರದಂಗಡಿ ಮತ್ತು ಕೇಶಾಲಂಕಾರದ ಅಂಗಡಿಗಳವರ ಮೂಲಕ ಕಾಂಡೋಮ್ ಮಾರಿಸಿದ ಯೋಜನೆಯೊಂದನ್ನು ನವಾ ಅಶ್ರಫ್, ಒರಿಯಾನಾ ಬಂದಿಯೇರಾ ಮತ್ತು ಕೆಲ್ಸಿ ಜ್ಯಾಕ್ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ಮಾರಾಟಕ್ಕೆ ತಕ್ಕ ಕಮಿಷನ್ ಪಡೆದವರಿಗಿಂತ, ಪ್ರತಿ ಮಾರಾಟಕ್ಕೂ ಅಂಗಡಿಯ ಗೋಡೆಯ ಫಲಕದ ಮೇಲೆ ಒಂದು ನಕ್ಷತ್ರದ ಚೀಟಿ ಅಂಟಿಸಿಕೊಂಡವರು ಎರಡು ಪಟ್ಟು ಮಾರಿದ್ದರು. ಊರಿನವರು ನೋಡುವ ಜಾಗದಲ್ಲಿ ತಮ್ಮ ಸೇವೆ ಕಾಣುತ್ತಿದೆ ಎಂಬ ಅರಿವು ಅವರನ್ನು ಹುರಿದುಂಬಿಸಿತ್ತು. ಆದರೆ ಅವರ ಜೀವನೋಪಾಯ ಆ ಕಾಂಡೋಮ್‌ಗಳಲ್ಲ, ತಮ್ಮ ತಮ್ಮ ಅಂಗಡಿಗಳಾಗಿದ್ದವು ಎಂಬುದನ್ನು ಮರೆಯಬಾರದು. ಹೊಟ್ಟೆಪಾಡಿಗೆ ಬೇರೆ ದಾರಿಯಿದ್ದವರಿಗೆ ನಕ್ಷತ್ರ ಸಾಕಾಗಬಹುದು, ಅದೇ ಹೊಟ್ಟೆಪಾಡಾದವರಿಗೆ ಸಾಕಾಗುವುದಿಲ್ಲ.

ಮಂಡ್ಯ ಮೈಸೂರು ಸೀಮೆಯಲ್ಲಿ ಸಾರ್ವಜನಿಕ ಮೆಚ್ಚುಗೆಗೆ ಒಂದು ಖಚಿತವಾದ ರೂಪವಿದೆ: ಮೈಸೂರು ಪೇಟ, ಶಾಲು, ಹಾರ, ಫಲತಾಂಬೂಲ, ನೆನಪಿನ ಕಾಣಿಕೆ. ಈ ರೂಪವನ್ನು ಹಗುರವಾಗಿ ಕಾಣುವುದು ತಪ್ಪು, ಏಕೆಂದರೆ ಊರಿನ ಹತ್ತು ಜನರ ಮುಂದೆ ತಲೆಗೆ ಪೇಟ ತೊಡಿಸಿಕೊಳ್ಳುವ ಗೌರವವನ್ನು ಪಡೆದವರು ಬಾಳಿಡೀ ನೆನೆಯುತ್ತಾರೆ. ಕೊರತೆಯಿರುವುದು ಅದರ ಕಾಲದಲ್ಲಿ. ಆಸ್ಪತ್ರೆಯ ಸಿಬ್ಬಂದಿಗೆ ಅದು ಸಾಮಾನ್ಯವಾಗಿ ದೊರೆಯುವುದು ವಯೋನಿವೃತ್ತಿಯ ದಿನ, ಇಲ್ಲವೆ ವರ್ಗಾವಣೆಯ ಬೀಳ್ಕೊಡುಗೆಯಲ್ಲಿ. ಮೂವತ್ತು ವರ್ಷ ಸೂಜಿ ಹಾಕಿ, ನೂರಾರು ಹೆರಿಗೆ ಮಾಡಿಸಿದ ಸಿಸ್ಟರ್ ಬಗ್ಗೆ ಸಹೋದ್ಯೋಗಿಗಳು ಮೊದಲ ಬಾರಿಗೆ ನಾಲ್ಕು ಒಳ್ಳೆಯ ಮಾತುಗಳನ್ನು ಬಾಯಿಬಿಟ್ಟು ಆಡುವುದು ಅವರು ಮರುದಿನದಿಂದ ಬರುವುದಿಲ್ಲವೆಂದಾದಾಗ. ಆ ಮಾತುಗಳನ್ನು ಅವರಿಂದ ಕೆಲಸ ಕಲಿಯುತ್ತಿರುವ ಕಿರಿಯರು ಹತ್ತು ವರ್ಷ ಮೊದಲೇ ಕೇಳಿದ್ದರೆ ಆಸ್ಪತ್ರೆಗೆ ಎಷ್ಟು ಲಾಭವಾಗುತ್ತಿತ್ತು!

ವ್ಯಕ್ತಿಗಳಿಗೆ ಸಲ್ಲುವ ಪ್ರಶಸ್ತಿಗಳು ಇಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 1973ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಶುಶ್ರೂಷಕಿಯರ ಜೊತೆಗೆ ಹಳ್ಳಿಗಳಲ್ಲಿ ದುಡಿಯುವ ಮಹಿಳಾ ಆರೋಗ್ಯ ಸಹಾಯಕಿಯರಿಗೂ ಸಲ್ಲುತ್ತದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಆಸ್ಪತ್ರೆಯಿಲ್ಲದ ಊರುಗಳಲ್ಲಿ ಹಣ ಪಡೆಯದೆ ಸಾವಿರಾರು ಹೆರಿಗೆ ಮಾಡಿಸಿದ ಹೆಂಗಸರ ಒಂದು ಪರಂಪರೆಗೇ ಗೌರವ ಸಂದಂತಾಯಿತು. ಆದರೆ ಒಬ್ಬರನ್ನು ಆರಿಸುವ ಪ್ರಶಸ್ತಿ ಒಂದು ಚಿಕ್ಕ ಆಸ್ಪತ್ರೆಯೊಳಗೆ ಬಂದಾಗ ಆಯ್ಕೆಯ ಕಾರಣ ಸ್ಪಷ್ಟವಾಗಿರದಿದ್ದರೆ ಉಳಿದ ಹತ್ತು ಜನರಲ್ಲಿ ಮುನಿಸು ಹುಟ್ಟುವುದು ಸಹಜ. ಹೆರಿಗೆ ಸುಗಮವಾಗಲು ಯಾರೊಬ್ಬರೂ ಒಬ್ಬಂಟಿಯಾಗಿ ಕಾರಣರಲ್ಲ.

ಈ ದೃಷ್ಟಿಯಿಂದ 2015ರ ಮೇ ತಿಂಗಳಲ್ಲಿ ಆರಂಭವಾದ ಕಾಯಕಲ್ಪ ಯೋಜನೆಯ ಕಲ್ಪನೆ ಮೆಚ್ಚುವಂಥದ್ದು. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ, ತ್ಯಾಜ್ಯ ವಿಲೇವಾರಿ, ಸೋಂಕು ನಿಯಂತ್ರಣ ಮೊದಲಾದವನ್ನು ಅಂಕಗಳಿಂದ ಅಳೆದು, ಶೇಕಡ 70ಕ್ಕಿಂತ ಹೆಚ್ಚು ಅಂಕ ಪಡೆದ ಆಸ್ಪತ್ರೆಗಳನ್ನು ಪುರಸ್ಕರಿಸುವ ಈ ಯೋಜನೆ, ಮರೆಯಲ್ಲಿರುವ ಕೆಲಸವನ್ನೇ ಅಳತೆಯ ನಡುವೆ ತಂದು ನಿಲ್ಲಿಸಿತು. ಮೂಲ ಮಾರ್ಗಸೂಚಿಯಂತೆ ಜಿಲ್ಲೆಯ ಅತ್ಯುತ್ತಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 2 ಲಕ್ಷ ರೂಪಾಯಿ, ಅರ್ಹತೆಯ ಗಡಿ ದಾಟಿದ ಉಳಿದ ಕೇಂದ್ರಗಳಿಗೆ ತಲಾ 50,000 ರೂಪಾಯಿ ಪ್ರೋತ್ಸಾಹಕ ಬಹುಮಾನ. ಆ ಮೊತ್ತದ ನಾಲ್ಕರಲ್ಲಿ ಮೂರು ಪಾಲು ಆಸ್ಪತ್ರೆಯ ಸುಧಾರಣೆಗೆ, ಒಂದು ಪಾಲು ಸಿಬ್ಬಂದಿಗೆ. ಪ್ರೋತ್ಸಾಹಕ ಬಹುಮಾನ ಪಡೆದ ಕೇಂದ್ರದಲ್ಲಿ ಸಿಬ್ಬಂದಿಯ ಪಾಲು 12,500 ರೂಪಾಯಿ. ಅದನ್ನು ಹತ್ತು ಹನ್ನೆರಡು ಜನ ಹಂಚಿಕೊಂಡರೆ ತಲೆಗೆ ಸಾವಿರದ ಆಸುಪಾಸು. ಮೊತ್ತ ಚಿಕ್ಕದು. ಆದರೂ ಒಳಚರಂಡಿ ಸ್ವಚ್ಛಗೊಳಿಸಿದವರೂ ಆಡಳಿತ ವೈದ್ಯಾಧಿಕಾರಿಯೂ ಒಂದೇ ಅಂಕಪಟ್ಟಿಯ ಹಕ್ಕುದಾರರಾಗುವುದು ಗ್ರಾಮೀಣ ಆಸ್ಪತ್ರೆಯ ಶ್ರೇಣಿ ವ್ಯವಸ್ಥೆಯಲ್ಲಿ ಸಣ್ಣ ಬದಲಾವಣೆಯಲ್ಲ.

ಖಾಸಗಿ ಚಿಕಿತ್ಸಾಲಯಗಳ ಲೋಕ ಬೇರೆಯದು. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರಗಳಂಥ ಪಟ್ಟಣಗಳ ಕ್ಲಿನಿಕ್ಕುಗಳಲ್ಲಿ ಒಬ್ಬ ವೈದ್ಯರು, ಔಷಧಿ ಕೊಡುವ ಒಬ್ಬರು, ಚೀಟಿ ಬರೆಯುವ ಹುಡುಗಿ, ಕಸ ಗುಡಿಸುವ ಆಯಾ, ಇಷ್ಟೇ ಬಳಗ. ಇಲ್ಲಿ ಆಯುಧಪೂಜೆಯ ದಿನ ಸ್ಟೆತಾಸ್ಕೋಪಿಗೂ ತೂಕದ ಯಂತ್ರಕ್ಕೂ ಕುಂಕುಮವಿಟ್ಟು, ಸಿಬ್ಬಂದಿಗೆ ಬಟ್ಟೆ, ಸಿಹಿ, ಕೈಗಿಷ್ಟು ಹಣ ಕೊಡುವ ರೂಢಿಯಿದೆ. ರೂಢಿ ಸೊಗಸಾದದ್ದು, ಆದರೆ ದೊಡ್ಡ ಆಸ್ಪತ್ರೆಗಳು ಕಾಯ್ದೆಯ ಪ್ರಕಾರ ಅರ್ಹ ನೌಕರರಿಗೆ ಕೊಡಬೇಕಾದ ಕನಿಷ್ಠ ಬೋನಸ್ ಶೇಕಡ 8.33, ಎಂದರೆ ವರ್ಷದ ಲೆಕ್ಕಕ್ಕೆ ಬರುವ ವೇತನದ ಹನ್ನೆರಡರಲ್ಲಿ ಒಂದು ಪಾಲು, ಅದು ಹಕ್ಕೇ ಹೊರತು ಉಡುಗೊರೆಯಲ್ಲ ಎಂಬುದನ್ನು ನೌಕರರೂ ಮಾಲೀಕರೂ ಅರಿತಿರಬೇಕು. ಹಕ್ಕನ್ನು ಉಡುಗೊರೆಯಂತೆ ಕೊಟ್ಟರೆ ಎರಡೂ ಕೆಡುತ್ತವೆ. ಚಿಕ್ಕ ಕ್ಲಿನಿಕ್ಕಿನ ವೈದ್ಯರು ಹಣವಿಲ್ಲದೆಯೂ ಮಾಡಬಹುದಾದದ್ದು ಬಹಳಷ್ಟಿದೆ. ರೋಗಿಯ ಎದುರಿಗೆ ಸಿಬ್ಬಂದಿಯನ್ನು ಏಕವಚನದಲ್ಲಿ ಗದರದಿರುವುದು, ವಾರಕ್ಕೊಂದು ರಜೆಯನ್ನು ಮೊದಲೇ ತಿಳಿಸಿ ಅದನ್ನು ಮುರಿಯದಿರುವುದು, ರಕ್ತದೊತ್ತಡ ನೋಡಲು ಕಲಿಸಿ ಆ ಹೊಣೆಯನ್ನು ಒಪ್ಪಿಸುವುದು, ಕಾಯಿಲೆಯ ಗಂಭೀರತೆಯನ್ನು ಹೊರಗಿನ ಬೆಂಚಿನಲ್ಲೇ ಗುರುತಿಸಿ ಒಳಗೆ ಓಡಿ ಬಂದವರಿಗೆ ‘ನೀವು ಹೇಳಿದ್ದರಿಂದ ಆ ಯಜಮಾನರು ಉಳಿದರು’ ಎಂದು ಕೆಲಸವನ್ನು ಹೆಸರಿಸಿ ಹೇಳುವುದು, ಇವೆಲ್ಲ ಹರ್ಜ್‌ಬರ್ಗ್ ಹೇಳಿದ ಎರಡನೆಯ ಗುಂಪಿಗೆ ಸೇರಿದ ಸಂಗತಿಗಳು. ‘ಎಲ್ಲರೂ ಚೆನ್ನಾಗಿ ಕೆಲಸ ಮಾಡುತ್ತಿದ್ದೀರಿ’ ಎಂಬ ಮಾತು ಯಾರನ್ನೂ ತಲುಪುವುದಿಲ್ಲ.

ರೋಗಿಗಳ ಕಡೆಯವರು ಸಲ್ಲಿಸುವ ಕೃತಜ್ಞತೆಯ ವಿಷಯವನ್ನೂ ಇಲ್ಲಿ ಮುಚ್ಚಿಡಬಾರದು. ಹೆರಿಗೆಯಾದ ಕೂಡಲೇ ‘ಖುಷಿಗೆ’ ಎಂದು ಕೈಗಿಡುವ ಹಣ, ಬಾರಿ ಬಾರಿಗೆ ರೂಢಿಯಾಗಿ, ಕೊನೆಗೆ ಕೇಳಿ ಪಡೆಯುವ ದರವಾಗುತ್ತದೆ. ಗಂಡು ಮಗುವಿಗೊಂದು, ಹೆಣ್ಣು ಮಗುವಿಗೊಂದು ಎಂಬ ಹೀನ ಲೆಕ್ಕವೂ ಅದರಲ್ಲಿ ಸೇರಿಕೊಳ್ಳುತ್ತದೆ. ಉಚಿತ ಸೇವೆಯನ್ನು ನಂಬಿ ಬಂದ ಬಡ ಮನೆಗೆ ಅದು ಹೊರೆ, ಪ್ರಾಮಾಣಿಕವಾಗಿ ದುಡಿಯುವ ಸಿಬ್ಬಂದಿಗೆ ಅದು ಕಳಂಕ, ಕಾನೂನಿನ ಕಣ್ಣಿನಲ್ಲಿ ಲಂಚ. ಕೃತಜ್ಞತೆಯಿರುವವರು ಮಾಡಬಹುದಾದ ಹೆಚ್ಚು ಬೆಲೆಯುಳ್ಳ ಕೆಲಸ ಬೇರೆಯಿದೆ: ಯಾವ ಪಾಳಿಯಲ್ಲಿ ಯಾರು ಏನು ಮಾಡಿದರೆಂಬುದನ್ನು ನಾಲ್ಕು ಸಾಲು ಬರೆದು ಆಡಳಿತ ವೈದ್ಯಾಧಿಕಾರಿಗೆ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗೆ ತಲುಪಿಸುವುದು. ದೂರುಗಳು ಮಾತ್ರ ಬರಹದಲ್ಲಿ ಬಂದು ಮೆಚ್ಚುಗೆಯೆಲ್ಲ ಬಾಯಿಮಾತಿನಲ್ಲೇ ಉಳಿದರೆ, ಸಿಬ್ಬಂದಿಯ ಕಡತದಲ್ಲಿ ದೂರುಗಳಷ್ಟೇ ಇರುತ್ತವೆ.

ಇಷ್ಟೆಲ್ಲದರಲ್ಲೂ ಹೊರಗುಳಿಯುವವರು ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಕಾವಲಿನವರು, ಆಂಬುಲೆನ್ಸ್ ಚಾಲಕರು. ಅವರ ಸಂಬಳ ಆಸ್ಪತ್ರೆಯಿಂದಲ್ಲ, ಏಜೆನ್ಸಿಯಿಂದ ಬರುವುದರಿಂದ ಅವರ ಹೆಸರು ಆಸ್ಪತ್ರೆಯ ಸಿಬ್ಬಂದಿ ಫಲಕದಲ್ಲಿ ಇರುವುದಿಲ್ಲ. ಬಹುಮಾನದ ಹಣ ಹಂಚುವಾಗ ಅವರು ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂಬುದು ಆಯಾ ಆಸ್ಪತ್ರೆಯವರ ಮನಸ್ಸಿಗೆ ಬಿಟ್ಟ ವಿಷಯವಾಗುತ್ತದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಥಳೀಯ ಜನಪ್ರತಿನಿಧಿಗಳನ್ನೂ ಒಳಗೊಂಡ ಆರೋಗ್ಯ ರಕ್ಷಾ ಸಮಿತಿಗಳಿವೆ. ಆಸ್ಪತ್ರೆಯ ಸಣ್ಣಪುಟ್ಟ ಖರ್ಚು, ಸೌಕರ್ಯ, ಕುಂದುಕೊರತೆಗಳನ್ನು ಚರ್ಚಿಸುವುದು ಇವುಗಳ ಕೆಲಸ. ಹೊರಗುತ್ತಿಗೆಯವರ ವೇತನ ಈ ತಿಂಗಳು ಯಾವ ದಿನ ಬಂದಿತು ಎಂಬುದನ್ನು ಪ್ರತಿ ಸಭೆಯಲ್ಲೂ ಮೊದಲ ವಿಷಯವಾಗಿ ನಡಾವಳಿಯಲ್ಲಿ ಬರೆಯಿಸುವ, ಬಹುಮಾನದ ಹಣ ಬಂದಾಗ ಕಾಯಂ ನೌಕರರ ಜೊತೆಗೆ ಅವರ ಹೆಸರುಗಳನ್ನೂ ಪಟ್ಟಿಗೆ ಸೇರಿಸಬೇಕೆಂದು ಠರಾವು ಮಾಡುವ ಅವಕಾಶ ಕಿಕ್ಕೇರಿಯಿಂದ ಶ್ರೀರಂಗಪಟ್ಟಣದವರೆಗಿನ ಪ್ರತಿಯೊಂದು ಸಮಿತಿಯ ಸದಸ್ಯರಿಗೂ ಇದೆ, ಮತ್ತು ಅದಕ್ಕೆ ಬೆಂಗಳೂರಿನಿಂದ ಯಾವ ಹೊಸ ಆದೇಶ ಬರುವವರೆಗೂ ಕಾಯಬೇಕಿಲ್ಲ.